ಬಿಲ್ಟ್-ಇನ್ ಓವನ್‌ನ ಪ್ಲಗ್ ಪಾಯಿಂಟ್ ಅದರ ಹಿಂದೆಯೇ ಇರಬಹುದಾ?
ಅಡುಗೆಮನೆ ಹೊಸದಾಗಿ ಮಾಡಿಸುವಾಗ ಓವನ್ ಹಿಂದಿನ ಗೋಡೆಯಲ್ಲೇ ಪಾಯಿಂಟ್ ಕೊಡಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಹಿಂದೆ ಪ್ಲಗ್ ಚಾಚಿಕೊಂಡಿದ್ದರೆ ಓವನ್ ಪೂರ್ತಿ ಒಳಗೆ ಕೂರುವುದಿಲ್ಲ, ಬಿಸಿಯೂ ತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಸುಟ್ಟ ವಾಸನೆ ಬಂದಾಗ ಆಫ್ ಮಾಡೋಣ ಅಂದರೆ ಸ್ವಿಚ್ ಕೈಗೆ ಸಿಗಬೇಕು ಅಲ್ವಾ? ಪಕ್ಕದ ಕ್ಯಾಬಿನೆಟ್ ಒಳಗೆ ಕೊಡಿಸಿ. ಡಿಶ್‌ವಾಷರ್‌ಗೂ ಹಾಗೇ, ಆದರೆ ನೀರಿನ ಪೈಪಿನ ಕೆಳಗೆ ಸಾಕೆಟ್ ಬೇಡ.

ಇನ್ನು ವೈರ್. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್, ಅಂದರೆ ವೈರಿನಲ್ಲಿ ಎಷ್ಟು ಕರೆಂಟ್ ಹರಿಯುತ್ತದೆ ಅನ್ನುವುದು ಸಿಗುತ್ತದೆ. 230 ವೋಲ್ಟ್‌ನಲ್ಲಿ 3000 ವ್ಯಾಟಿನ ಓವನ್ ಸುಮಾರು 13 ಆಂಪಿಯರ್ ಎಳೆಯುತ್ತದೆ, 7000 ವ್ಯಾಟಿನ ಇಂಡಕ್ಷನ್ ಒಲೆ ಸುಮಾರು 30. ಹಾಗಾಗಿ ಒಂದೊಂದಕ್ಕೂ ಬೇರೆ ಲೈನ್, ಬೇರೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಇರಲಿ. ಅರ್ತಿಂಗ್ ಮತ್ತು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿದು ಶಾಕ್‌ನಿಂದ ಕಾಪಾಡುವ ಸ್ವಿಚ್) ಬಿಡಲೇಬೇಡಿ. ಚಿಮಣಿಗೆ ಮಾಮೂಲಿ ಪಾಯಿಂಟ್ ಸಾಕು. ಟೈಲ್ಸ್ ಅಂಟಿಸುವ ಮೊದಲೇ ಮ್ಯಾನುಯಲ್‌ಗಳನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ.