ಆಪರೇಷನ್‌ಗೆ ಮುಂಚೆ ನೀರೂ ಬೇಡವಾ?

ನಮಸ್ಕಾರ್ರಿ. ನಾಳೆ ಬೆಳಿಗ್ಗೆ 11ಕ್ಕೆ ವಿಜಯಪುರದಲ್ಲಿ ನಿಮ್ಮ ಅವ್ವನವರ ಪಿತ್ತಕೋಶದ ಆಪರೇಷನ್. ಸಿಸ್ಟರ್ ರಾತ್ರಿ 10ರಿಂದ ನೀರೂ ಬೇಡ ಅಂದರು, ಅರಿವಳಿಕೆ ಡಾಕ್ಟರ್ ಬೆಳಿಗ್ಗೆ 9ರವರೆಗೆ ನೀರು ಕುಡಿಯಲಿ ಅಂದರು, ಯಾರ ಮಾತು ಕೇಳಲಿ ಅಂತ ಕೇಳಿದ್ದೀರಿ.

ಅರಿವಳಿಕೆ ಡಾಕ್ಟರ್ ಮಾತು ಕೇಳಿ. ನಾನು ಬಾಗಲಕೋಟೆಯಲ್ಲಿ ಆಪರೇಷನ್ ಥಿಯೇಟರ್ ನರ್ಸ್. ಮಂಪರಿನಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಉಪವಾಸ ಅದಕ್ಕೇ. ಬರೀ ನೀರು ಹೊಟ್ಟೆಯಿಂದ ಬೇಗ ಇಳಿದುಹೋಗುತ್ತದೆ. ಹಾಗಾಗಿ ಸಾಮಾನ್ಯವಾಗಿ 2 ಗಂಟೆ ಮುಂಚಿನವರೆಗೂ ಕುಡಿಯಬಹುದು. ಹಗುರ ಊಟಕ್ಕೆ 6 ಗಂಟೆ, ಕರಿದದ್ದು, ಮಾಂಸಕ್ಕೆ 8 ಗಂಟೆ ಅಂತರ ಬೇಕು. ವಯಸ್ಸಾದವರನ್ನು ಸುಮ್ನೆ ರಾತ್ರಿಯಿಡೀ ಒಣಗಿಸಿದರೆ ತಲೆನೋವು, ಸುಸ್ತು ಜಾಸ್ತಿ.

ಆದರೆ ಚಹಾ! "ಏನೂ ತಿಂದಿಲ್ರಿ, ಒಂದ್ ಕಪ್ ಚಹಾ ಅಷ್ಟೇ" ಅನ್ನುವವರನ್ನು ಎಷ್ಟೋ ಸಲ ನೋಡಿದ್ದೇನೆ. ಹಾಲು ಹಾಕಿದ ಚಹಾ ನೀರಲ್ಲ, ಊಟದ ಲೆಕ್ಕ. ಮಜ್ಜಿಗೆ, ಗಂಜಿಯೂ ಅಷ್ಟೇ. ತಪ್ಪು ಅವರದಲ್ಲ. ನಾವು "ಖಾಲಿ ಹೊಟ್ಟೆಯಲ್ಲಿ ಬನ್ನಿ" ಅಂತೇವೆ, ಯಾಕೆ ಅಂತ ಬಿಡಿಸಿ ಹೇಳುವುದೇ ಇಲ್ಲ. ಅವ್ವನಿಗೆ ನೀವೇ ಕಾರಣ ಹೇಳಿ. ಅಕಸ್ಮಾತ್ ಏನಾದರೂ ತಿಂದುಬಿಟ್ಟರೆ ಬೈಯಬೇಡಿ, ಮುಚ್ಚಿಡಲೂಬೇಡಿ.

ಶುಗರ್, ಎದೆಯುರಿ ಇದ್ದರೆ ಲೆಕ್ಕ ಬದಲಾಗಬಹುದು. ಶುಗರ್, ಬಿಪಿ ಮಾತ್ರೆ ಬೆಳಿಗ್ಗೆ ಕೊಡಬೇಕಾ ಅಂತಲೂ ಇವತ್ತೇ ಡಾಕ್ಟರನ್ನು ಕೇಳಿ. 9ರವರೆಗೆ ನೀರು ಅನ್ನುವುದನ್ನು ಕೇಸ್ ಶೀಟಿನಲ್ಲಿ ಬರೆಸಿಬಿಡಿ, ರಾತ್ರಿ ಪಾಳಿಯ ಸಿಸ್ಟರ್‌ಗೂ ಗೊಂದಲ ಇರುವುದಿಲ್ಲ.