ಮರದ ಹಿಡಿಯ ಚಾಕು ಮತ್ತು ನಮ್ಮ ಮಳೆಗಾಲ

ಕುಮಟಾದ ಹಿರಿಯ ಓದುಗರೊಬ್ಬರ ಪತ್ರ: “ಮರದ ಹಿಡಿಯ ಮಡಚುವ ಚಾಕುಗಳನ್ನು ಕಳೆದ ಸಂಚಿಕೆಯಲ್ಲಿ ಹಾಡಿ ಹೊಗಳಿದ್ದೀರಿ. ಮಗ ತಂದುಕೊಟ್ಟ ಫ್ರಾನ್ಸಿನ ಒಪಿನೆಲ್ ಚಾಕು ಏಪ್ರಿಲಿನಲ್ಲಿ ಮಾವಿನಕಾಯಿ ಹೆಚ್ಚಿದೊಡನೆ ಕಪ್ಪಾಯಿತು, ಜುಲೈಯಲ್ಲಿ ತೆರೆಯಲೇ ಇಲ್ಲ. ನನಗೆ ಪ್ಲಾಸ್ಟಿಕ್ ಹಿಡಿಯ ಅಗ್ಗದ ಚಾಕುವೇ ಸಾಕು. ಮೊಮ್ಮಕ್ಕಳೂ ಓದುವ ಪತ್ರಿಕೆಯಲ್ಲಿ ಚಾಕುವನ್ನು ಮೆರೆಸುವುದು ಸರಿಯೇ?”

ಸಂಪಾದಕರ ಉತ್ತರ:

ತಮ್ಮ ದೂರಿನಲ್ಲಿ ಹುರುಳಿಲ್ಲವೆನ್ನಲಾರೆ. ಕಾರವಾರದ ಬೈತಕೋಲ ಬಂದರಿನಲ್ಲಿ ಉಪ್ಪುನೀರಿನೊಡನೆ ದಿನವಿಡೀ ಏಗುವವರಿಗೆ ತುಕ್ಕು ಹಿಡಿಯದ ಉಕ್ಕು, ಪ್ಲಾಸ್ಟಿಕ್ ಹಿಡಿಯೇ ಅನುಕೂಲ. ಆದರೆ ತಾವು ಹೆಚ್ಚುವುದು ಮನೆಯಂಗಳದ ಮಾವಿನಕಾಯಿಯನ್ನು.

ಅಲಗು ಕಪ್ಪಾದದ್ದು ಅದು ಕೆಟ್ಟಿತೆಂಬುದರ ಗುರುತಲ್ಲ. ತಮ್ಮ ಚಾಕುವಿನ ಕಾರ್ಬನ್ ಉಕ್ಕಿಗೆ, ಅಂದರೆ ತುಕ್ಕು ಹಿಡಿಯಬಲ್ಲ ಉಕ್ಕಿಗೆ, ಮಾವಿನ ಹುಳಿ ತಾಗಿದರೆ ಮೊದಲು ನವಿಲುಗೊರಳಿನ ನೀಲಿ, ಆಮೇಲೆ ಬೂದುಗಪ್ಪು ಮೂಡುತ್ತದೆ. ಹಸಿ ಅಡಿಕೆಯ ಒಗರಿಗೂ ಅದು ಕಪ್ಪಾಗುತ್ತದೆ. ಆ ತೆಳುಪದರ ಕೆಂಪು ತುಕ್ಕನ್ನು ತಕ್ಕಮಟ್ಟಿಗೆ ತಡೆಯುತ್ತದೆ. ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಬೆರಳಿಗೆ ಅಂಟಿದಷ್ಟೇ ತೆಂಗಿನೆಣ್ಣೆ ಸವರಿಡಿ. ಇಂಥ ಅಲಗನ್ನು ಪಾತ್ರೆಯ ನಾರಿನಿಂದ ತಿಕ್ಕಿ ಹೊಳೆಯಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಇನ್ನು ತೆರೆಯದಿರುವ ಮಾತು. ಜೋಸೆಫ್ ಒಪಿನೆಲ್ 1890ರಲ್ಲಿ ಆಲ್ಪ್ಸ್ ಪರ್ವತದ ಸವೋಯ್ ಸೀಮೆಯಲ್ಲಿ ರೂಪಿಸಿದ ಈ ಚಾಕು, 1897ರಲ್ಲಿ 1ರಿಂದ 12ರವರೆಗಿನ ಅಳತೆಗಳಲ್ಲಿ ಬಂತು. ತೆರೆದ ಅಲಗು ತಾನಾಗಿ ಮಡಚಿಕೊಂಡು ಬೆರಳು ಕತ್ತರಿಸದಂತೆ ತಡೆಯುವ ಲೋಹದ ಬಳೆ ಸೇರಿದ್ದು 1955ರಲ್ಲಿ. ಹಿಡಿಯ ಬೀಚ್ ಮರ ತೇವ ಹೀರಿ ಉಬ್ಬಿ, ಅಲಗಿನ ಬುಡವನ್ನು ಬಿಗಿಯಾಗಿ ಹಿಡಿಯುತ್ತದೆ. ಬಳೆಯನ್ನು ಸಡಿಲಿಸಿ ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ತಟ್ಟಿದರೆ ಅಲಗು ಉಗುರಿಗೆ ಸಿಗುವಷ್ಟು ಮೇಲೇಳುತ್ತದೆ. ಸವೋಯ್ ಸೀಮೆಯವರ ಹಳೆಯ ಉಪಾಯವೂ ಇದೇ. ಬೇಸಿಗೆಯಲ್ಲಿ ಹಿಡಿ ಚೆನ್ನಾಗಿ ಒಣಗಿರುವಾಗ ಅಗಸೆ ಎಣ್ಣೆ ಕುಡಿಸಿದರೆ ಮುಂದಿನ ಆಷಾಢದಲ್ಲಿ ಇಷ್ಟು ತೊಂದರೆಯಾಗದು. ಮರಕ್ಕೆ ಮಾತ್ರ ತೆಂಗಿನೆಣ್ಣೆ ಬೇಡ, ಅದು ಒಣಗುವುದಿಲ್ಲ.

ಪ್ಲಾಸ್ಟಿಕ್ ಹಿಡಿಯ ಚಾಕು ಮೊಂಡಾದರೆ ತಾವೇನು ಮಾಡುತ್ತೀರಿ? ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಬಣ್ಣಬಣ್ಣದ ಚಾಕುಗಳ ರಾಶಿಯ ಮುಂದೆ ನಿಂತು ಮಸೆಗಲ್ಲು ಕೇಳಿದೆ. “ಮಸೆಯೂದು ಎಂತಕ್ಕೆ? ಇನ್ನೊಂದು ತಗಳಿ” ಎಂದ ಅಂಗಡಿಯಾತ. ನನ್ನ ಸಿಟ್ಟು ಅವನ ಮೇಲಲ್ಲ, ಹಾಗೆ ಕೊಂಡು ಕೊಂಡು ಅವನಿಗೆ ಆ ಮಾತು ಕಲಿಸಿದ ನಮ್ಮಂಥ ಗಿರಾಕಿಗಳ ಮೇಲೆ. ಶ್ರೀಗಂಧದಲ್ಲಿ ಆನೆ ಅಂಬಾರಿಗಳನ್ನು ಕೆತ್ತುವ ಗುಡಿಗಾರರಿರುವ ಜಿಲ್ಲೆಯಲ್ಲಿ, ಬಿರುಕುಬಿಟ್ಟ ಚಾಕುವಿಗೆ ಹಲಸಿನದೋ ಸಾಗವಾನಿಯದೋ ಹೊಸ ಹಿಡಿ ಹಾಕಿಸೋಣವೆಂದು ಹೊರಟವನಿಗೆ, ‘ಅದರ ಕೂಲಿಯಲ್ಲಿ ಹೊಸದೇ ಬರುತ್ತದಲ್ಲ’ ಎಂಬ ಬುದ್ಧಿವಾದವೇ ಎಲ್ಲೆಲ್ಲೂ ಸಿಗುತ್ತದೆ. ಮಸೆಯಿಸುವವರಿಲ್ಲದೆ ಕಮ್ಮಾರಸಾಲೆ ಮುಚ್ಚುತ್ತದೆ, ಕಮ್ಮಾರಸಾಲೆಯಿಲ್ಲವೆಂದು ನಾವು ಬಳಸಿ ಎಸೆಯುವ ಚಾಕುವನ್ನೇ ಕೊಳ್ಳುತ್ತೇವೆ.

ಮೊಮ್ಮಕ್ಕಳ ವಿಷಯದಲ್ಲಂತೂ ತಮ್ಮ ಅಂಜಿಕೆ ನನಗೆ ಅಚ್ಚರಿ ತಂದಿತು. ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡು ತೋಟಕ್ಕೆ ಹೋಗುವವರನ್ನು ನೋಡುತ್ತ ಬೆಳೆದ ತಾವು ಅಂಗೈಯಷ್ಟುದ್ದದ ಚಾಕುವಿಗೆ ಹೆದರುವುದೇ? ಒಪಿನೆಲ್‌ನವರು ಮಕ್ಕಳಿಗೆಂದೇ ದುಂಡು ತುದಿಯ 7ನೇ ಅಳತೆಯ ಚಾಕುವನ್ನು ಮಾಡುತ್ತಾರೆ. ಬಳೆ ತಿರುಗಿಸುವುದನ್ನು ಮೊದಲು ಕಲಿಸಿ, ಆಮೇಲೆ ಸೌತೆಕಾಯಿ ಕೊಟ್ಟು ಪಕ್ಕದಲ್ಲೇ ಕುಳಿತುಕೊಳ್ಳಿ.