ಸಂಪಾದಕರ ಉತ್ತರ: ಹಲಸಿನ ಹಣ್ಣಿನ ಮೇಲಿನ ನೊಣ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಕಾಗದ ತಲುಪಿತು. ಕಳೆದ ಸಂಚಿಕೆಯಲ್ಲಿ ಬೇಲೂರು ಗುಡಿಯ ಮದನಿಕೆಯರ ಶಿಲ್ಪಗಳ ಬಗ್ಗೆ ಬಂದ ಲೇಖನ ನಿಮಗೆ ಬೇಸರ ತಂದಿದೆ. "ಗುಡಿಗೆ ದುಡ್ಡು ಕೊಟ್ಟವರು ಯಾರು, ಹೆಣ್ಣಿನ ಮೈಯನ್ನು ಯಾರ ಕಣ್ಣಿಗಾಗಿ ಕಡೆದರು, ಎಲ್ಲ ಇದೆ. ಆ ಶಿಲ್ಪ ಚೆಂದ ಇದೆ ಅನ್ನೋ ಒಂದು ಮಾತಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಡ್ರಾಯಿಂಗ್ ಕಲಿಸಿದವನು ನಾನು. ಚೆಂದ ಅನ್ನೋದು ವಿಮರ್ಶೆಗೆ ಬೇಡದ ಮಾತಾಯಿತೇ?" ಎಂದು ಕೇಳಿದ್ದೀರಿ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಲೇಖಕಿ ಆ ಮಾತು ಬರೆದಿದ್ದರು. ತೆಗೆದದ್ದು ನಾನು. "ಕತ್ತು ನೋಯುವವರೆಗೂ ನೋಡುತ್ತಾ ನಿಂತೆ, ಹೊರಡಲು ಮನಸ್ಸಾಗಲಿಲ್ಲ" ಎಂಬ ಸಾಲು ಅವರ ಪ್ರತಿಯಲ್ಲಿತ್ತು. ಇದು ಪ್ರವಾಸ ಬಂದವರ ಮಾತು, ವಿಮರ್ಶೆಯಲ್ಲ ಅಂತ ಹೊಡೆದು ಹಾಕಿದೆ. ತಪ್ಪು ಮಾಡಿದೆ. ಅವರಿಗೂ ಫೋನ್ ಮಾಡಿ ಹೇಳಿದ್ದೇನೆ.

ನಿಮ್ಮ ಕಾಗದ ಓದಿದ ಮೇಲೆ ಸುಮ್ನೆ ಕೂರಲಾಗಲಿಲ್ಲ. ಭಾನುವಾರ ಮಗಳ ಜೊತೆ ಬೇಲೂರಿಗೆ ಹೋಗಿ ಬಂದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ. ಮದನಿಕೆಯರು ಸೂರಿನ ಕೆಳಗೆ ನಮ್ಮ ಕಡೆ ಬಾಗಿದಂತೆ ನಿಂತಿದ್ದಾರೆ. ಒಬ್ಬಳ ತಲೆಯ ಮೇಲೆ ಬಳ್ಳಿಯ ಚಪ್ಪರ. ಅದರಲ್ಲಿ ಒಂದು ಹಲಸಿನ ಹಣ್ಣು. ಹಣ್ಣಿನ ಮೇಲೆ ನೊಣ. ನೊಣ ಹಿಡಿಯಲು ಹೊಂಚು ಹಾಕಿರುವ ಹಲ್ಲಿ. ಗೈಡ್ ಬೆರಳು ಮಾಡಿ ತೋರಿಸಿದರೂ ನನಗೆ ಬೇಗ ಕಾಣಲಿಲ್ಲ. ಮಗಳಿಗೆ ಕಂಡಿತು. "ಅಯ್ಯೋ, ನೊಣ!" ಅಂತ ಜೋರಾಗಿ ನಕ್ಕಳು.

ಆ ನಗುವಿನ ಹಿಂದೆಯೇ ಪ್ರಶ್ನೆಯೂ ಬಂತು. ಅಷ್ಟು ಎತ್ತರದಲ್ಲಿ ನೊಣ ಯಾಕೆ? ಪೂಜೆಗೆ ಬೇಕಿರಲಿಲ್ಲ. ರಾಜ ಕೇಳಿರಲಾರ. ಕಲ್ಲು ಕಡೆದವನು ತನ್ನ ಖುಷಿಗೇ ಕಡೆದ ಅನ್ನಿಸುತ್ತದೆ. ಬಳಪದ ಕಲ್ಲು ಆಗ ತಾನೇ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಹಾಗಾಗಿ ಉಗುರಿನಷ್ಟು ಜಾಗದಲ್ಲೂ ಉಳಿ ಆಡುತ್ತದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಮಾಡಿದ ಶಿಲ್ಪಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಕಸುಬಿನವರ ಹೆಮ್ಮೆ, ಅವರಿಗೆ ಕೂಲಿ ಕೊಟ್ಟವರ ದರ್ಬಾರು, ಎಲ್ಲವೂ ಆ ನೊಣದ ಹಿಂದೆ ಇದೆ ಅಲ್ವಾ? ನಮ್ಮ ಲೇಖನ ಕೇಳಿದ್ದೂ ಇವೇ ಪ್ರಶ್ನೆ. ಖುಷಿಯನ್ನು ನಾನು ಕಿತ್ತು ಹಾಕಿದ್ದರಿಂದ ಅವು ಬೇರಿಲ್ಲದೆ ಒಣಗಿದವು.

ಆದರೆ ನಿಮ್ಮ ಒಂದು ಮಾತನ್ನು ನಾನು ಒಪ್ಪಲಾರೆ. "ನೋಡಿ ಖುಷಿಪಟ್ಟರೆ ಸಾಕು, ಕೆದಕಬೇಡಿ" ಎಂದಿದ್ದೀರಿ. ನೊಣ ನೋಡಿ ನಕ್ಕ ಮಗಳೇ ಗುಡಿಯನ್ನು ಒಂದು ಸುತ್ತು ಹಾಕಿ ಬಂದು, "ಅಪ್ಪಾ, ಎಲ್ಲರಿಗೂ ಒಂದೇ ವಯಸ್ಸು. ಒಬ್ಬ ಅಜ್ಜಿಯೂ ಇಲ್ವಲ್ಲ" ಅಂದಳು. ಚೆನ್ನಾಗಿ ನೋಡಿದ್ದಕ್ಕೇ ಆ ಮಾತು ಹೊಳೆದದ್ದು. ಅದನ್ನು ಕೇಳಿದ ಮೇಲೂ ದರ್ಪಣ ಸುಂದರಿ ನನಗೆ ಚೆಂದವೇ ಕಂಡಳು. ನಾನು ನೋಡುವ ರೀತಿ ಮಾತ್ರ ಬದಲಾಯಿತು. ಅವಳ ಕಣ್ಣು ಕನ್ನಡಿಯ ಮೇಲಿದೆ. ಕೆಳಗೆ ನಿಂತ ನಾವು ಅವಳಿಗೆ ಬೇಕೇ ಇಲ್ಲ. ಇಷ್ಟು ವರ್ಷ ಇದು ನನ್ನ ಗಮನಕ್ಕೆ ಬಂದಿರಲಿಲ್ಲ.

ಚೆಂದದ ಮೇಲಿನ ಈ ಅನುಮಾನ ಪಶ್ಚಿಮದಿಂದ ಬಂದದ್ದೇ ಎಂದೂ ಕೇಳಿದ್ದೀರಿ. ಸ್ವಲ್ಪ ಹೌದು. ಚೆಲುವನ್ನು ಒಡೆಯುವ ಆಸೆಯೇ ಆಧುನಿಕ ಕಲೆಯನ್ನು ನಡೆಸಿತು ಎಂದು ಅಮೆರಿಕದ ಚಿತ್ರಕಾರ ಬಾರ್ನೆಟ್ ನ್ಯೂಮನ್ 1948ರಲ್ಲಿ ಬರೆದರು. ಎರಡು ಮಹಾಯುದ್ಧ ಕಂಡವರಿಗೆ ಸೊಗಸು ಸುಳ್ಳು ಅನ್ನಿಸಿದ್ದರೆ ಅದರಲ್ಲಿ ತಪ್ಪು ಹುಡುಕಲಾರೆ. ನಮ್ಮಲ್ಲಿ ಮಾತು ಬೇರೆ ಥರ ಬೆಳೆಯಿತು. ನಾಟ್ಯಶಾಸ್ತ್ರ ಶೃಂಗಾರದ ಜೊತೆಗೇ ಭಯಾನಕ, ಬೀಭತ್ಸಗಳನ್ನೂ ರಸ ಎಂದು ಎಣಿಸಿತು. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ನೆನಪಿಸಿಕೊಳ್ಳಿ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ತುಂಬ ಚಿಟ್ಟಿ ಎಂಬ ಬಿಳಿ ಉಬ್ಬು ಚುಕ್ಕೆ ಇಡಲು ಗಂಟೆಗಟ್ಟಲೆ ಬೇಕು. ತೆರೆಯ ಹಿಂದಿನಿಂದ ಅದು ಅಬ್ಬರಿಸಿದರೆ ಮಕ್ಕಳು ಅಮ್ಮನ ಸೆರಗಿನೊಳಗೆ ಮುಖ ಮುಚ್ಚಿಕೊಳ್ಳುತ್ತಾರೆ, ಸೆರಗಿನ ಸಂದಿಯಿಂದ ಇಣುಕುತ್ತಾರೆ. ಅದನ್ನು ಚೆಂದ ಅನ್ನಲು ನಾಲಿಗೆ ತಡೆಯಬಹುದು. ಆದರೆ ಆ ಇಣುಕಿನಲ್ಲಿರುವುದು ಖುಷಿಯೇ. ಅದು ಎಲ್ಲಿಂದ ಬಂತು, ಬಣ್ಣದಿಂದಲೋ, ಚೆಂಡೆಯಿಂದಲೋ, ಅಷ್ಟು ಹೊತ್ತು ಕಾಯುವಂತೆ ಮಾಡಿದ್ದರಿಂದಲೋ ಎಂದು ಬಿಡಿಸಿ ಹೇಳುವುದು ವಿಮರ್ಶಕರ ಕೆಲಸ. ನನಗೆ ಖುಷಿಯಾಯಿತು ಎಂದು ಹೇಳದವರು ಆ ಕೆಲಸ ಶುರು ಮಾಡುವುದಾದರೂ ಎಲ್ಲಿಂದ?

ನಾನು ತೆಗೆದ ಸಾಲನ್ನು ಲೇಖಕಿಯ ಒಪ್ಪಿಗೆ ಪಡೆದು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇನೆ. ನಿಮ್ಮಲ್ಲೂ ಒಂದು ಕೇಳಿಕೆ ಇದೆ. ನಿಮ್ಮ ಶಾಲೆಯ ಮಕ್ಕಳು ಬೇಲೂರಿನಲ್ಲಿ ಕೂತು ಬಿಡಿಸಿದ ಪೆನ್ಸಿಲ್ ಚಿತ್ರಗಳನ್ನು ಇನ್ನೂ ಇಟ್ಟುಕೊಂಡಿದ್ದೀರಿ ಎಂದು ಬರೆದಿದ್ದೀರಿ. ಅದರಲ್ಲಿ ಒಂದನ್ನು ಕಳಿಸಿ. ಆ ಮಗು ಯಾವ ಗೆರೆಯನ್ನು ಅಳಿಸಿ ಅಳಿಸಿ ಮತ್ತೆ ಎಳೆಯಿತು ಅನ್ನುವುದನ್ನೂ ಬರೆದು ಕಳಿಸಿ.

ನಿಮ್ಮ,
ಸಂಪಾದಕ